ಸೀಳು ಬಿಟ್ಟ ಹರವಿಯಲ್ಲಿ ಗೊಬ್ಬರ: ನನ್ನ ಅನುಭವ

"ಮನಿಯಾಗ ತಿಪ್ಪಿ ಹಾಕಾಕತ್ತಾಳ ನೋಡ್ರಿ" ಅಂತ ನಮ್ಮತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೊನ್ನೆ ಅದೇ ಅತ್ತೆ ಪಕ್ಕದ ಮನೆಯ ಕಾಕೂಗೆ ಒಂದು ಬುಟ್ಟಿ ಗೊಬ್ಬರ ಕೊಟ್ಟು, "ನಮ್ಮ ಸೊಸಿ ಮಾಡಿದ್ದು" ಅಂದರು. ಅಡಿಗೆಮನೆಯ ಹಸಿ ಕಸವನ್ನು ಹರವಿಯಲ್ಲಿ, ಅಂದರೆ ನೀರು ತುಂಬೋ ದೊಡ್ಡ ಮಣ್ಣಿನ ಗಡಿಗೆಯಲ್ಲಿ, ಕೊಳೆಸಿ ಮಾಡಿದ ಗೊಬ್ಬರ ಅದು. ಅದಕ್ಕೇ ಬರೆಯೋಕೆ ಕೂತೆ.

ಗೊಬ್ಬರ ಸರಿಯಾಗುತ್ತಿಲ್ಲ ಅಂದರೆ ಬೆಂಗಳೂರಿನ ಗೆಳತಿಯರು ಹೇಳೋದು ಒಂದೇ ಮಾತು: ನೀರು ಜಾಸ್ತಿಯಾಗಿದೆ, ಒಣ ಎಲೆ ಹಾಕು. ಅವರೂರಿಗೆ ಅದು ಸರಿ. ನಮ್ಮ ವಿಜಯಪುರದಲ್ಲಿ ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ. ಇಲ್ಲಿ ಕಸ ಕೊಳೆಯೋದಿಲ್ಲ, ಒಣಗುತ್ತದೆ. ಮೊದಲ ಬೇಸಿಗೆಯಲ್ಲಿ ಎರಡು ತಿಂಗಳು ಕಾದು, ಗೊಬ್ಬರಕ್ಕಂತ ಕೊಂಡ ಡ್ರಮ್ ತೆಗೆದರೆ ಉಳ್ಳಾಗಡ್ಡಿ ಸಿಪ್ಪೆ ಹಾಕಿದ ಹಾಗೇ ಇತ್ತು. ಬಾಳೆಹಣ್ಣಿನ ಸಿಪ್ಪೆ ಹಳೇ ಚಪ್ಪಲಿಯ ಹಾಗಾಗಿತ್ತು.

ಆ ಡ್ರಮ್ಮಿಗೆ 1,500 ರೂಪಾಯಿ ಹತ್ತಿರ ಹೋಯಿತು. ಕಸ ಬೇಗ ಕೊಳೆಯಲಿ ಅಂತ ಹಾಕೋ ಕಲ್ಚರ್ ಪುಡಿಗೆ ಇನ್ನೊಂದು ಐನೂರು. ಮಳೆಗಾಲಕ್ಕೆ ಸಾಮಿಲ್‌ನಿಂದ ಕಟ್ಟಿಗೆ ಪುಡಿ ತಂದು ಹಾಕಿದೆ, ಅದು ಮುದ್ದೆ ಕಟ್ಟಿ ನಾರಿತು. ಎರೆ ಮಣ್ಣು ಹಾಕಿದರೆ ಸರಿಹೋಗಬಹುದು ಅಂತ ಹೊಲದಿಂದ ತರಿಸಿದೆ, ಅದು ಸಿಮೆಂಟಿನ ಹಾಗೆ ಕೂತುಬಿಟ್ಟಿತು. ಡ್ರಮ್ಮನ್ನು ನೀರು ತುಂಬೋಕಾದರೂ ಇಟ್ಟುಕೊಳ್ಳೋಣ ಅಂದರೆ ಮೈತುಂಬ ತೂತು. ಈಗ ಅದರಲ್ಲಿ ತೊಗರಿ ಹೊಟ್ಟು ತುಂಬಿಟ್ಟಿದ್ದೇನೆ.

ಕೊನೆಗೆ ಕೈ ಹಿಡಿದಿದ್ದು ಹಿತ್ತಿಲಲ್ಲಿ ಸುಮ್ನೆ ಬಿದ್ದಿದ್ದ, ಸೀಳು ಬಿಟ್ಟ ಎರಡು ದೊಡ್ಡ ಹರವಿ. ತಳಕ್ಕೆ ನಾಲ್ಕೈದು ತೂತು ಹೊಡೆದು, ಬೇವಿನ ನೆರಳಲ್ಲಿ ಮುಕ್ಕಾಲು ಭಾಗ ನೆಲದಲ್ಲಿ ಹೂಳಿದೆ. ಕೆಳಗಡೆ ಕತ್ತರಿಸಿದ ಜೋಳದ ಕಣಕಿ, ಅಂದರೆ ಒಣಗಿದ ದಂಟು. ಮೇಲೆ ಒಂದು ಪದರ ಕಸ, ಒಂದು ಹಿಡಿ ಹೊಟ್ಟು. ಊರಿನ ತಿಪ್ಪೆಯಿಂದ ಒಂದು ಬೊಗಸೆ ಹಳೇ ಗೊಬ್ಬರ, ಹುಳಿ ಮಜ್ಜಿಗೆ. ಮಜ್ಜಿಗೆಗೆ ಇನ್ನೊಂದು ಸಾಮಾನು ಕಲಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಬಾಯಿಗೆ ಹರಿದ ಕೌದಿಯ ತುಂಡು. ನಾಲ್ಕೈದು ಪದರ ಹಳೇ ಸೀರೆ ಸೇರಿಸಿ ಹೊಲಿದಿರುತ್ತಾರಲ್ಲ, ಬೆಳಿಗ್ಗೆ ನೆನೆಸಿದರೆ ಸಂಜೆಗೂ ಒಳಪದರ ತಂಪಾಗಿರುತ್ತದೆ. ಗೋಣಿ ತಟ್ಟು ಮಧ್ಯಾಹ್ನಕ್ಕೇ ಒಣಗಿ ಕಟಕಟ ಅನ್ನುತ್ತಿತ್ತು. ಅತ್ತೆಯ ಕೌದಿ ಕತ್ತರಿಸಿದ್ದಕ್ಕೆ ನಾಲ್ಕು ದಿನ ಮಾತಿಲ್ಲ, ಅದು ಬೇರೆ ಕಥೆ. ತೇವ ಸಾಕೋ ಇಲ್ಲವೋ ಅಂತ ಒಂದು ಹಿಡಿ ಕಸ ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆ. ಬೇಸಿಗೆಯಲ್ಲಿ ಅದನ್ನು ದಿನ ಬಿಟ್ಟು ದಿನ ಮಾಡಬೇಕು. ನಲ್ಲಿ ನೀರು ಹಾಕೋದಿಲ್ಲ. ಅಕ್ಕಿ, ಬೇಳೆ ತೊಳೆದ ನೀರೇ ಸಾಕಾಗುತ್ತದೆ.

ಒಮ್ಮೆ ಉಳಿದ ಅನ್ನ ಹಾಕಿದೆ, ರಾತ್ರಿಯೇ ಹೆಗ್ಗಣ ಬಂದು ಎಲ್ಲ ಕೆದರಿತು. ಈಗ ಕೌದಿಯ ಮೇಲೆ ಫರಸಿ (ನೆಲಕ್ಕೆ ಹಾಸೋ ಕಲ್ಲು) ತುಂಡು ಹೇರಿದ್ದೇನೆ. ಅನ್ನ, ರೊಟ್ಟಿ ಓಣಿಯ ಆಕಳಿಗೆ.

ಲಿಂಬೆ ಸಿಪ್ಪೆ ಮಾತ್ರ ಬೇಗ ಕರಗುತ್ತಿರಲಿಲ್ಲ. ನಮ್ಮ ಜಿಲ್ಲೆಯ ಇಂಡಿ ಕಡೆಯ ಲಿಂಬೆ ನಮ್ಮಲ್ಲಿ ತುಂಬ ಬರುತ್ತದೆ, ಅಲ್ವಾ? ಸರಿ, ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಹಾಕಿ, ಒರೆಸೋಕೆ ಬರೋ ಹುದುಗಿದ ಹುಳಿ ನೀರು, ಅಂದರೆ ಎನ್‌ಜೈಮ್ ಇಟ್ಟೆ. ಮೇ ತಿಂಗಳು, ಮುಚ್ಚಳ ಸಡಿಲಿಸೋದು ಮರೆತೆ. ನಡುರಾತ್ರಿ ಬಾಟಲಿ ಢಬ್ ಅಂತ ಸಿಡಿಯಿತು, ಅತ್ತೆ ಸಿಲಿಂಡರ್ ಅಂದುಕೊಂಡು ಹೊರಗೆ ಓಡಿದರು. ಎರಡನೇ ಬಾಟಲಿ ಮೂರು ತಿಂಗಳಿಗೆ ಚೆನ್ನಾಗಿ ಬಂತು. ಆದರೆ ಅದರಲ್ಲಿ ನೆಲ ಒರೆಸಿ, ಪಡಸಾಲೆಯ ಫರಸಿಯ ಹೊಳಪು ಕಳೆದುಕೊಂಡೆ. ಫರಸಿ ಅಂದರೆ ಸುಣ್ಣದ ಕಲ್ಲು, ಹುಳಿ ತಾಗಬಾರದು. ಬಚ್ಚಲ ಟೈಲ್ಸಿಗೆ ಅಡ್ಡಿಯಿಲ್ಲ.

ಮನೆಯಲ್ಲಿ ಐದು ಜನ, ದಿನಕ್ಕೆ ಕೆಜಿ ಮೇಲೆ ಹಸಿ ಕಸ. ಮೂರು ವಾರಕ್ಕೆ ಹರವಿ ತುಂಬುತ್ತದೆ, ಇಪ್ಪತ್ತೈದು ಕೆಜಿಗೆ ಐದಾರು ಕೆಜಿ ಗೊಬ್ಬರ. ಖರ್ಚು ಅಂದರೆ ಕಣಕಿ, ಹೊಟ್ಟು ತರಿಸೋ ಗಾಡಿ ಬಾಡಿಗೆ ಅಷ್ಟೇ. ಕುಂಡದ ಮೆಂತೆ, ಬದನೆಕಾಯಿಯಲ್ಲಿ ಅದು ಯಾವತ್ತೋ ವಸೂಲಾಗಿದೆ.

ಎರಡೇ ಹರವಿಯಾದ್ದರಿಂದ ಅರ್ಧ ಕಳಿತಿದ್ದನ್ನು ಚೀಲಕ್ಕೆ ತುಂಬಿ ನೆರಳಲ್ಲಿ ಇಡಬೇಕಾಗುತ್ತದೆ. ಮೂರನೆಯದು ಬೇಕು. ದುಡ್ಡು ಕೊಟ್ಟು ತರೋಕೆ ಮನಸ್ಸಿಲ್ಲ. ಯಾರ ಮನೆಯದಾದರೂ ಸೀಳು ಬಿಟ್ಟರೆ ನಮಗೇ ಕೊಡಬೇಕು ಅಂತ ಅತ್ತೆ ಈಗಾಗಲೇ ಓಣಿಯಲ್ಲಿ ಹೇಳಿಟ್ಟಿದ್ದಾರೆ.