ನಾಡಿ ಸಿಗದ ಮಣಿಕಟ್ಟಿನಲ್ಲಿ ಸ್ಕ್ಯಾನಿಂಗ್ ನೋಡಿ ಕ್ಯಾನ್ಯುಲಾ ಹಾಕುವ ಬಗೆ

ಮಳೆಗಾಲದಲ್ಲಿ ಕೊಡಗಿನ ಆಸ್ಪತ್ರೆಗಳ ತೀವ್ರ ನಿಗಾ ಘಟಕಕ್ಕೆ ಬರುವ ರೋಗಿಗಳಲ್ಲಿ ಹಲವರ ಕೈ ಮೊದಲೇ ತಣ್ಣಗಿರುತ್ತದೆ. ಜೊತೆಗೆ ಸೋಂಕಿನಿಂದಲೋ ರಕ್ತಸ್ರಾವದಿಂದಲೋ ರಕ್ತದೊತ್ತಡ ಕುಸಿದಿದ್ದರೆ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗುವುದೇ ಇಲ್ಲ. ತೋಳಿಗೆ ಸುತ್ತುವ ಬಿ.ಪಿ. ಪಟ್ಟಿ ತೋರಿಸುವ ಅಂಕಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಆಗ ಹೆಬ್ಬೆರಳಿನ ಬದಿಯಲ್ಲಿ ಹರಿಯುವ ರೇಡಿಯಲ್ ಅಪಧಮನಿಯೊಳಗೆ ಕ್ಯಾನ್ಯುಲಾ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಇರಿಸಿ, ಪ್ರತಿ ಬಡಿತದ ಒತ್ತಡವನ್ನು ಮಾನಿಟರ್‌ನಲ್ಲಿ ನೇರವಾಗಿ ನೋಡಲಾಗುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಪರದೆ ನೋಡುತ್ತಾ, ತರಬೇತಿ ಪಡೆದ ವೈದ್ಯರು ಮಾತ್ರ ಮಾಡಬೇಕಾದ ಈ ಕೆಲಸದ ಕ್ರಮವನ್ನು, ಕಲಿಯುತ್ತಿರುವ ಕಿರಿಯ ವೈದ್ಯರಿಗೂ ಐಸಿಯು ಬಾಗಿಲಲ್ಲಿ ಕಾಯುವ ಮನೆಯವರಿಗೂ ತಿಳಿಯುವಂತೆ ಇಲ್ಲಿ ವಿವರಿಸಲಾಗಿದೆ.

ವಯಸ್ಕರಲ್ಲಿ ಈ ಅಪಧಮನಿಯ ಒಳವ್ಯಾಸ ಸುಮಾರು 2ರಿಂದ 3 ಮಿ.ಮೀ.; ಅಂದರೆ ತೋಟದ ಕಾಳುಮೆಣಸಿಗಿಂತ ಚಿಕ್ಕದು. ಬರೀ ಬೆರಳಿನ ಅಂದಾಜಿನಲ್ಲಿ ಎರಡು ಮೂರು ಸಲ ಚುಚ್ಚಿದರೆ ಅದು ಸೆಟೆದುಕೊಂಡು ಇನ್ನಷ್ಟು ಕಿರಿದಾಗುತ್ತದೆ, ಸುತ್ತ ರಕ್ತ ಹೆಪ್ಪುಗಟ್ಟಿ ಮುಂದಿನ ಪ್ರಯತ್ನವೂ ಕೆಡುತ್ತದೆ. ಮಂಡಲದ ಹಾವು ಕಚ್ಚಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿದವರಲ್ಲಂತೂ ಒಂದೊಂದು ಹೆಚ್ಚುವರಿ ಚುಚ್ಚೂ ಅಪಾಯಕಾರಿ. ಅಂಥವರಿಗೆ ಅಪಧಮನಿಯನ್ನು ಚುಚ್ಚಲೇಬೇಕೇ ಎಂಬುದನ್ನು ಮೊದಲು ಯೋಚಿಸಬೇಕು. ಅನಿವಾರ್ಯವಾದರೆ ನೋಡಿಕೊಂಡೇ ಚುಚ್ಚಬೇಕು.

ಮೊದಲ ಕೆಲಸ ಕೈಯನ್ನು ಬೆಚ್ಚಗೆ ಮಾಡುವುದು. ಅಂಗೈ ಮೇಲಾಗಿ ಕೈ ಇರಿಸಿ, ಮಣಿಕಟ್ಟಿನ ಅಡಿಗೆ ಸುರುಳಿ ಸುತ್ತಿದ ಟವೆಲ್ ಕೊಟ್ಟು, ಬೆರಳುಗಳನ್ನು ಟೇಪಿನಿಂದ ಹಿಡಿದಿಡಬೇಕು. ಆದರೆ ಮಣಿಕಟ್ಟನ್ನು ಅತಿಯಾಗಿ ಹಿಂದಕ್ಕೆ ಬಗ್ಗಿಸಬಾರದು. ಅಪಧಮನಿ ಚಪ್ಪಟೆಯಾಗುತ್ತದೆ, ನರಕ್ಕೂ ಪೆಟ್ಟು. ರೋಗಿಗೆ ಎಚ್ಚರವಿದ್ದರೆ ಏನು ಮಾಡಲಿದ್ದೇವೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮವನ್ನು ಶುಚಿಗೊಳಿಸಿ ಒಣಗಲು ಬಿಟ್ಟು, ಚರ್ಮದ ಮೇಲಿಟ್ಟು ಒಳಗಿನ ಚಿತ್ರ ಪಡೆಯುವ ಸ್ಕ್ಯಾನಿಂಗ್ ಉಪಕರಣವಾದ ಪ್ರೋಬಿಗೆ ಸ್ಟೆರೈಲ್ ಕವಚ ತೊಡಿಸಬೇಕು. ಕವಚದೊಳಗೆ ಗಾಳಿಗುಳ್ಳೆ ಉಳಿದರೆ ಚಿತ್ರ ಕಪ್ಪಾಗುತ್ತದೆ.

ಇದಕ್ಕೆ ಬೇಕಾದದ್ದು ಹೆಚ್ಚಿನ ಆವರ್ತನದ, ನೇರ ಅಂಚಿನ ಲೀನಿಯರ್ ಪ್ರೋಬ್. ಹೊಟ್ಟೆ ನೋಡುವ ಬಾಗಿದ ಪ್ರೋಬ್ ನಡೆಯದು. (ಐಸಿಯುನಲ್ಲಿ ಮಣಿಕಟ್ಟು ನೋಡಲಷ್ಟೇ ಬಳಸುವ ಯಂತ್ರವಾದರೂ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅದಕ್ಕೆ ನೋಂದಣಿ ಬೇಕು, ಇದನ್ನು ಮರೆಯುವ ಆಸ್ಪತ್ರೆಗೆ ಮುಂದೆ ತೊಂದರೆ ತಪ್ಪದು.) ಆಳವನ್ನು 2 ಸೆಂ.ಮೀ.ಗೆ ಇಳಿಸಿ, ಪ್ರೋಬಿನ ಒಂದು ಅಂಚನ್ನು ಬೆರಳಿನಿಂದ ಮುಟ್ಟಿ, ಪರದೆಯಲ್ಲೂ ಅದೇ ಬದಿ ಕದಲುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಣಿಕಟ್ಟಿಗೆ ಅಡ್ಡವಾಗಿ ಪ್ರೋಬ್ ಇಟ್ಟಾಗ ಅಪಧಮನಿಯು ಮಿಡಿಯುವ ಕಪ್ಪು ವೃತ್ತವಾಗಿ ಕಾಣುತ್ತದೆ. ಅದರ ಇಕ್ಕೆಲದ ಸಣ್ಣ ಅಭಿಧಮನಿಗಳು ಹಗುರವಾಗಿ ಒತ್ತಿದರೂ ಮುಚ್ಚಿಕೊಳ್ಳುತ್ತವೆ. ಒತ್ತಡ ತೀರಾ ಕುಸಿದಿರುವವರಲ್ಲಿ ಅಪಧಮನಿಯೂ ಸುಲಭವಾಗಿ ಅದುಮಿಕೊಳ್ಳಬಹುದು. ಸಂಶಯವಿದ್ದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡುವುದು ಲೇಸು.

ಅಪಧಮನಿಯನ್ನು ಪರದೆಯ ನಡುವಿಗೆ ತಂದು, ಚರ್ಮಕ್ಕೆ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಸ್ವಲ್ಪ ಕೊಟ್ಟ ಮೇಲೆ ಸೂಜಿಯ ಸರದಿ. ವಯಸ್ಕರಿಗೆ ಸಾಮಾನ್ಯವಾಗಿ 20 ಗೇಜ್ ಅಳತೆಯ ಕ್ಯಾನ್ಯುಲಾ ಸಾಕು. ಸುಮಾರು 45 ಡಿಗ್ರಿ ಕೋನದಲ್ಲಿ ಚುಚ್ಚುವುದಾದರೆ, ಅಪಧಮನಿ ಎಷ್ಟು ಆಳದಲ್ಲಿದೆಯೋ ಅಷ್ಟೇ ದೂರ ಪ್ರೋಬಿನಿಂದ ಹಿಂದೆ ಸರಿದು ಚುಚ್ಚಬೇಕು. ಕಲಿಯುವವರು ಹೆಚ್ಚಾಗಿ ಎಡವುವುದು ಇದರ ನಂತರವೇ. ಅವರು ಅಪಧಮನಿಯನ್ನೇ ದಿಟ್ಟಿಸುತ್ತಾರೆ, ಸೂಜಿಯ ತುದಿಯನ್ನು ಕಳೆದುಕೊಳ್ಳುತ್ತಾರೆ. ಪರದೆಯ ಮೇಲಿನ ಬಿಳಿ ಚುಕ್ಕೆ ತುದಿಯೇ ಆಗಿರಬೇಕೆಂದಿಲ್ಲ, ಸೂಜಿಯ ನಡುಭಾಗವೂ ಹಾಗೆಯೇ ಕಾಣುತ್ತದೆ. ತುದಿ ಅಷ್ಟರಲ್ಲಿ ಅಪಧಮನಿಯ ಹಿಂಗೋಡೆಯನ್ನು ದಾಟಿರಬಹುದು. ಆದ್ದರಿಂದ ಚುಕ್ಕೆ ಕಂಡ ಕೂಡಲೇ ಸೂಜಿಯನ್ನು ನಿಲ್ಲಿಸಿ, ಚುಕ್ಕೆ ಮರೆಯಾಗುವವರೆಗೆ ಪ್ರೋಬನ್ನು ಮೊಣಕೈಯ ಕಡೆಗೆ ಒಂದೆರಡು ಮಿ.ಮೀ. ಜರುಗಿಸಬೇಕು, ಬಳಿಕ ಚುಕ್ಕೆ ಮತ್ತೆ ಕಾಣುವವರೆಗೆ ಸೂಜಿಯನ್ನು ಮುಂದೂಡಬೇಕು. ಪ್ರೋಬ್ ಮುಂದೆ, ಸೂಜಿ ಹಿಂದೆ, ಒಂದಾದ ಮೇಲೊಂದು. ಎರಡನ್ನೂ ಒಟ್ಟಿಗೆ ಕದಲಿಸಬಾರದು.

ತುದಿ ಅಪಧಮನಿಯ ಮೇಲ್ಗೋಡೆಯನ್ನು ಮುಟ್ಟಿದಾಗ ಅದು ಒಳಕ್ಕೆ ಕುಸಿದಂತೆ ಕಾಣುತ್ತದೆ, ಸೀಳಿದಾಗ ಮತ್ತೆ ದುಂಡಗಾಗುತ್ತದೆ, ಕ್ಯಾನ್ಯುಲಾದ ಹಿಂಬದಿಯಲ್ಲಿ ರಕ್ತ ಇಣುಕುತ್ತದೆ. ಇಲ್ಲಿ ಅವಸರ ಬೇಡ. ಲೋಹದ ಸೂಜಿಯು ಪ್ಲಾಸ್ಟಿಕ್ ಕೊಳವೆಗಿಂತ ತುಸು ಮುಂದೆ ಚಾಚಿರುವುದರಿಂದ ರಕ್ತ ಕಂಡರೂ ಕೊಳವೆ ಇನ್ನೂ ಹೊರಗೇ ಇರಬಹುದು. ಕೋನವನ್ನು ಇಳಿಸಿ, ತುದಿಯನ್ನು ವೃತ್ತದ ನಡುವೆಯೇ ಇರಿಸಿಕೊಂಡು ಅದೇ ಕ್ರಮದಲ್ಲಿ ಇನ್ನೊಂದಿಷ್ಟು ಮುಂದೆ ಸಾಗಿದ ಮೇಲೆ ಕೊಳವೆಯನ್ನು ಜಾರಿಸಿದರೆ ಅದು ತಡೆಯಿಲ್ಲದೆ ಒಳಹೋಗುತ್ತದೆ. ತಡೆ ಎದುರಾದರೆ ಬಲವಂತ ಮಾಡಬಾರದು. ಕೊಳವೆಗೆ ದಾರಿ ತೋರುವ ತೆಳು ತಂತಿ (ಗೈಡ್‌ವೈರ್) ಬಳಸುವ ಕಿಟ್ ಇದ್ದರೆ ಅದೂ ಒಳ್ಳೆಯದೇ.

ಮುಂದಿನದು ಬೇಗ ಮುಗಿಯುತ್ತದೆ. ಟವೆಲ್ ತೆಗೆದು ಮಣಿಕಟ್ಟನ್ನು ಸಹಜ ಸ್ಥಿತಿಗೆ ತಂದು, ಕ್ಯಾನ್ಯುಲಾವನ್ನು ಭದ್ರವಾಗಿ ಅಂಟಿಸಿ, 300 ಮಿ.ಮೀ. ಪಾದರಸದ ಒತ್ತಡದಲ್ಲಿರುವ ಸಲೈನ್ ಚೀಲದ ಕೊಳವೆಗೆ ಜೋಡಿಸಬೇಕು. ಒತ್ತಡವನ್ನು ಅಳೆದು ಮಾನಿಟರ್‌ಗೆ ಕಳಿಸುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲೇ ಇರಬೇಕು. ಅದು 10 ಸೆಂ.ಮೀ. ಕೆಳಗಿಳಿದರೆ ಬಿ.ಪಿ. ಸುಮಾರು 7 ಮಿ.ಮೀ. ಹೆಚ್ಚಾಗಿ ಕಾಣುತ್ತದೆ. ಇದು ಅಪಧಮನಿಯ ಲೈನ್ ಎಂದು ಕೆಂಪು ಚೀಟಿ ಅಂಟಿಸುವುದು ಕಡ್ಡಾಯ, ಏಕೆಂದರೆ ಡ್ರಿಪ್ ಎಂದು ತಿಳಿದು ಯಾರಾದರೂ ಇದರಲ್ಲಿ ಔಷಧ ಚುಚ್ಚಿದರೆ ಬೆರಳುಗಳೇ ಕೊಳೆಯುವ ಅಪಾಯವಿದೆ.

ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಆಂಬುಲೆನ್ಸ್‌ನಲ್ಲಿ ಕಳುಹಿಸುವಾಗ ಇನ್ನೂ ಒಂದು ಎಚ್ಚರ ಬೇಕು. ಚಳಿಯೆಂದು ರೋಗಿಗೆ ಕಂಬಳಿ ಹೊದಿಸುವುದು ಸರಿ, ಆದರೆ ಲೈನ್ ಇರುವ ಕೈ ಹೊರಗೆ ಕಾಣುತ್ತಿರಬೇಕು; ಘಟ್ಟದ ತಿರುವುಗಳಲ್ಲಿ ಜೋಡಣೆ ಕಳಚಿದರೆ ಕಂಬಳಿಯಡಿ ಹರಿಯುವ ರಕ್ತ ಯಾರ ಕಣ್ಣಿಗೂ ಬೀಳದು. ಬೆರಳುಗಳು ಬಿಳಿಚಿಕೊಂಡರೆ, ಮರಗಟ್ಟಿದರೆ ಅಥವಾ ವಿಪರೀತ ನೋವೆಂದರೆ ಜೊತೆಗಿರುವವರು ತಕ್ಷಣ ಶುಶ್ರೂಷಕಿಗೆ ತಿಳಿಸಬೇಕು. ಕ್ಯಾನ್ಯುಲಾ ತೆಗೆದ ಮೇಲೆ ಕನಿಷ್ಠ ಐದು ನಿಮಿಷ ಒತ್ತಿಹಿಡಿಯಬೇಕು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದವರಿಗೆ ಇನ್ನೂ ಹೆಚ್ಚು ಹೊತ್ತು.