ಬನಾನಾ ಪುಡ್ಡಿಂಗ್: ಇವತ್ತು ಮಾಡಿ, ನಾಳೆ ತಿನ್ನಿ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚರ್ಚಿನ ಊಟವಿರಲಿ, ನೆಂಟರೆಲ್ಲ ಸೇರುವ ದಿನವಿರಲಿ, ಒಂದು ದೊಡ್ಡ ಬಟ್ಟಲು ಬನಾನಾ ಪುಡ್ಡಿಂಗ್ ಬೇಕೇ ಬೇಕು. ಟೆನೆಸ್ಸಿಯ ಸೆಂಟರ್‌ವಿಲ್ ಎಂಬ ಪುಟ್ಟ ಊರಿನಲ್ಲಂತೂ ಇದರ ಹೆಸರಲ್ಲೇ ಒಂದು ಹಬ್ಬ ಮಾಡುತ್ತಾರೆ. ಬಿಸ್ಕತ್ತು, ಬಾಳೆಹಣ್ಣು, ಕಸ್ಟರ್ಡ್, ಮತ್ತೆ ಬಿಸ್ಕತ್ತು. ಅಷ್ಟೇ. ಆದರೆ ಮಾಡಿದ ದಿನವೇ ತಿಂದರೆ ಇದರ ರುಚಿ ಗೊತ್ತಾಗುವುದೇ ಇಲ್ಲ.

ಮೊದಲು ಬಿಸ್ಕತ್ತಿನ ವಿಷಯ. ಅಲ್ಲಿಯವರು ಹಾಕುವುದು ವೆನಿಲಾ ವೇಫರ್. ಹೆಸರು ಕೇಳಿ ನಮ್ಮ ಅಂಗಡಿಯ ಕ್ರೀಮ್ ವೇಫರ್ ತರಬೇಡಿ. ಅದು ದುಂಡಗಿನ, ಗರಿಗರಿಯಾದ ಪುಟ್ಟ ಬಿಸ್ಕತ್ತು. ಸಿಗದಿದ್ದರೆ ಮಾರಿ ಬಿಸ್ಕತ್ತು ಸಾಕು, ಬೇಕರಿಯ ಬೆಣ್ಣೆ ಬಿಸ್ಕತ್ತು ಇನ್ನೂ ಚೆನ್ನ. ಸುಮಾರು 250 ಗ್ರಾಂ ಬೇಕು.

ಹಣ್ಣು ಪಚ್ಚಬಾಳೆ, ಐದು. ಅಮೆರಿಕದ ಅಂಗಡಿಗಳಲ್ಲಿ ಸಿಗುವುದೂ ಇದೇ ಕ್ಯಾವೆಂಡಿಶ್ ಜಾತಿ. ಸಿಪ್ಪೆಯ ಮೇಲೆ ಸಣ್ಣ ಕಂದು ಚುಕ್ಕೆ ಬಿದ್ದಿರಬೇಕು, ಒತ್ತಿದರೆ ಮೆತ್ತಗಾಗಬಾರದು. ಏಲಕ್ಕಿ ಬಾಳೆಯೂ ಆಗುತ್ತದೆ, ಸ್ವಲ್ಪ ಹುಳಿ ಬರುತ್ತದೆ ಅಷ್ಟೇ. ನನಗೆ ಆ ಹುಳಿಯೇ ಇಷ್ಟ.

ಈಗ ಕಸ್ಟರ್ಡ್. ದಪ್ಪ ತಳದ ಪಾತ್ರೆಗೆ ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು ಹಾಕಿ. ನಾಲ್ಕು ಮೊಟ್ಟೆಯ ಹಳದಿ ಸೇರಿಸಿ, 750 ಮಿ.ಲೀ. ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಗಂಟಿಲ್ಲದಂತೆ ಕದಡಿ. ಆಮೇಲೆ ಮಧ್ಯಮ ಉರಿ. ಕೈಯಾಡಿಸುತ್ತಲೇ ಇರಿ, ಫೋನ್ ಬಂದರೂ ಬಿಡಬೇಡಿ, ತಳ ಹಿಡಿಯುತ್ತದೆ.

ಇಲ್ಲೇ ಜಾಸ್ತಿ ಜನ ತಪ್ಪುವುದು. ನಾನೂ ಒಮ್ಮೆ ಗಟ್ಟಿಯಾಗುತ್ತಿದ್ದಂತೆ, ಮೊಟ್ಟೆ ಒಡೆದೀತು ಎಂಬ ಭಯಕ್ಕೆ ಇಳಿಸಿಬಿಟ್ಟಿದ್ದೆ. ರಾತ್ರಿ ದೋಸೆ ಹಿಟ್ಟಿನ ಹದಕ್ಕಿದ್ದದ್ದು ಬೆಳಿಗ್ಗೆ ಫ್ರಿಜ್ ತೆಗೆದರೆ ಮಜ್ಜಿಗೆಯಂತೆ ನೀರಾಗಿತ್ತು, ಬಿಸ್ಕತ್ತೆಲ್ಲ ಮೇಲೆ ತೇಲುತ್ತಿತ್ತು. ತುಂಬಾ ಬೇಜಾರಾಯಿತು. ಕಾರಣ ಆಮೇಲೆ ತಿಳಿಯಿತು. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವೊಂದಿದೆ, ಚೆನ್ನಾಗಿ ಕುದಿಸದಿದ್ದರೆ ಅದು ಸಾಯುವುದಿಲ್ಲ, ಕೂತಲ್ಲೇ ಕಸ್ಟರ್ಡನ್ನು ನೀರು ಮಾಡುತ್ತದೆ. ಹಾಗಾಗಿ ದಪ್ಪ ಗುಳ್ಳೆಗಳು ಲೊಳಕ್ ಲೊಳಕ್ ಎಂದು ಎದ್ದ ಮೇಲೂ ಒಂದೆರಡು ನಿಮಿಷ ಕುದಿಸಿ. ಕಾರ್ನ್‌ಫ್ಲೋರ್ ಇರುವುದರಿಂದ ಮೊಟ್ಟೆ ಒಡೆಯುವುದಿಲ್ಲ. ಇಳಿಸಿ ಎರಡು ಚಮಚ ಬೆಣ್ಣೆ, ಒಂದು ಚಿಕ್ಕ ಚಮಚ ವೆನಿಲಾ ಎಸೆನ್ಸ್ ಬೆರೆಸಿ.

ಮೊಟ್ಟೆ ತಿನ್ನದವರು ಕಸ್ಟರ್ಡ್ ಪೌಡರ್ ಬಳಸಬಹುದು. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಮಾಡಿದ್ದೇ ಮೊಟ್ಟೆ ಆಗದ ಹೆಂಡತಿಗಾಗಿ. ಇಷ್ಟೇ ಹಾಲಿಗೆ ಐದು ದೊಡ್ಡ ಚಮಚ ಹಾಕಿ.

ಕಸ್ಟರ್ಡ್ ಉಗುರುಬೆಚ್ಚಗಿರುವಾಗಲೇ ಜೋಡಿಸಿ. ಗಾಜಿನ ಬಟ್ಟಲಾದರೆ ಪದರಗಳು ಕಾಣುತ್ತವೆ. ತಳಕ್ಕೆ ಒಂದು ಸೌಟು ಕಸ್ಟರ್ಡ್, ಮೇಲೆ ಬಿಸ್ಕತ್ತು, ಅದರ ಮೇಲೆ ಬೆರಳಿನ ಅರ್ಧ ದಪ್ಪಕ್ಕೆ ಹೆಚ್ಚಿದ ಬಾಳೆಹಣ್ಣು. ಹಣ್ಣನ್ನು ಮೊದಲೇ ಹೆಚ್ಚಿಡಬೇಡಿ. ಗಾಳಿ ತಾಗಿದರೆ ಕಪ್ಪಾಗುತ್ತದೆ ಅಲ್ವಾ, ಅದಕ್ಕೇ ಹೆಚ್ಚಿದ ಕೂಡಲೇ ಕಸ್ಟರ್ಡ್ ಸುರಿದು ಮುಚ್ಚಿಬಿಡಿ. ಹೀಗೆ ಮೂರು ಸುತ್ತು. ಕೊನೆಗೆ ಕಸ್ಟರ್ಡೇ ಬರಲಿ.

ಹಳೆಯ ಪದ್ಧತಿಯಲ್ಲಿ ಉಳಿದ ಮೊಟ್ಟೆಯ ಬಿಳಿ ಲೋಳೆಯನ್ನು ಸಕ್ಕರೆ ಹಾಕಿ ನೊರೆ ಬರುವಂತೆ ಕಡೆದು, ಮೇಲೆ ಹರಡಿ, ಓವನ್‌ನಲ್ಲಿ ಕೆಂಪಗೆ ಮಾಡುತ್ತಾರೆ. ಓವನ್ ಇಲ್ಲದಿದ್ದರೆ ಮರುದಿನ ಬಡಿಸುವ ಮುಂಚೆ ಕಡೆದ ಕ್ರೀಮ್ ಹಚ್ಚಿ.

ಈಗ ಮುಚ್ಚಿ ಫ್ರಿಜ್‌ನಲ್ಲಿಡಿ, ಇಡೀ ರಾತ್ರಿ. ಒಳಗೆ ಬಿಸ್ಕತ್ತು ನಿಧಾನಕ್ಕೆ ಕಸ್ಟರ್ಡ್ ಹೀರಿ ಕೇಕಿನಷ್ಟು ಮೆತ್ತಗಾಗುತ್ತದೆ. ಬೆಳಿಗ್ಗೆ ಚಮಚವನ್ನು ತಳದವರೆಗೂ ಇಳಿಸಿ ನೋಡಿ, ಎಲ್ಲೂ ಕಟ್ ಎನ್ನಬಾರದು. ಕಟ್ ಎಂದರೆ ಇನ್ನೂ ಎರಡು ಗಂಟೆ ಬಿಡಿ. ಎರಡು ದಿನದೊಳಗೆ ಖಾಲಿ ಮಾಡಿ, ಆಮೇಲೆ ಹಣ್ಣು ನೀರು ಬಿಡುತ್ತದೆ.