ಕೂಲಿ ತಪ್ಪಿದ ದಿನಗಳ ಲೆಕ್ಕ: ಊರಿನ ಅಗತ್ಯ ಹುಡುಕಿದ ನನ್ನ ಅನುಭವ

‘ಊರಿಗೆ ಏನು ಬೇಕು?’ ಎಂದು ಪಾವಗಡ ಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಉತ್ತರ ಬಾಯಿಪಾಠವಾಗಿರುತ್ತದೆ: ಸಿ.ಸಿ. ರಸ್ತೆ, ಚರಂಡಿ, ಸಮುದಾಯ ಭವನ. ಹೇಳುವವರು ಮುಂದಿನ ಸಾಲಿನಲ್ಲಿ ಕುಳಿತ ಹತ್ತು ಗಂಡಸರು, ಅವರಲ್ಲಿ ಒಬ್ಬಿಬ್ಬರು ಗುತ್ತಿಗೆ ಕೆಲಸದವರು. ವಾರ್ಡ್ ಸಭೆ, ಗ್ರಾಮ ಸಭೆ ನಡೆಸಿದವರಿಗೆಲ್ಲ ಇದು ಗೊತ್ತಿರುವ ಸಂಗತಿ. ನಾನು ಆ ಪ್ರಶ್ನೆಯನ್ನೇ ಕೈಬಿಟ್ಟೆ.

ನಾನು ಈ ಪಂಚಾಯಿತಿಗೆ ಬರುವ ಮೊದಲು ಒಂದು ಸಂಸ್ಥೆ ಮನೆ ಮನೆ ಸಮೀಕ್ಷೆ ಮಾಡಿತ್ತು. ಹನ್ನೆರಡು ಪುಟದ ನಮೂನೆ. ಮುದ್ರಣ, ಹುಡುಗರ ಭತ್ಯೆ, ಕಂಪ್ಯೂಟರಿಗೆ ಏರಿಸಿದ ಖರ್ಚು ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತೆಂದು ಕೇಳಿದ ನೆನಪು. ಪಡಿತರ ಚೀಟಿ ರದ್ದಾದೀತೆಂಬ ಭಯದಲ್ಲಿ ಜನ ಹಸುವನ್ನೂ ಬೈಕನ್ನೂ ಮುಚ್ಚಿಟ್ಟರು, ಸಾಲವನ್ನು ದುಪ್ಪಟ್ಟು ಹೇಳಿದರು. ಆಮೇಲೆ ಮೊಬೈಲ್ ಆ್ಯಪ್ ಬಂತು. ನೆಟ್‌ವರ್ಕ್ ಸಿಗುತ್ತಿದ್ದ ಬಸ್ ನಿಲ್ದಾಣದಲ್ಲೇ ಕುಳಿತು ತುಂಬಿಸಿದ್ದರಿಂದ ಅಲ್ಲಿ ಹೊತ್ತು ಕಳೆಯುತ್ತಿದ್ದ ಗಂಡಸರ ಮಾತಷ್ಟೇ ದಾಖಲಾಯಿತು. ಗ್ರಾಮ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ (ಕನಿಷ್ಠ ಹಾಜರಿ) ಬೇಕು. ಅದಕ್ಕೆ ಹಾಜರಿ ಪುಸ್ತಕವನ್ನೇ ಮನೆ ಮನೆಗೆ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದರು.

ನಾನು ಕೇಳಿದ್ದು ಒಂದೇ ಮಾತು: ‘ಕಳೆದ ಹದಿನೈದು ದಿನದಲ್ಲಿ ಯಾವತ್ತು ಕೂಲಿ ತಪ್ಪಿತು, ಯಾತಕ್ಕೆ?’ ಪ್ರತಿ ಹೆಂಗಸಿನ ಕೈಗೆ ಹತ್ತು ಹುಣಸೆ ಬೀಜ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮನೆಗಳು. ಒಂದೊಂದು ಕಾರಣಕ್ಕೆ ಒಂದೊಂದು ಮನೆ, ಯಾವುದರ ಕಾಟ ಹೆಚ್ಚೋ ಆ ಮನೆಗೆ ಹೆಚ್ಚು ಬೀಜ. ಸ್ಥಳ ಮತ್ತು ಹೊತ್ತು ಮಾತ್ರ ಮುಖ್ಯ. ದೇವಸ್ಥಾನದ ಮುಂದೆ ಮಾಡಿದರೆ ದಲಿತ ಕಾಲೊನಿಯವರು ಅಂಚಿನಲ್ಲೇ ನಿಲ್ಲುತ್ತಾರೆ. ಆದ್ದರಿಂದ ಮೊದಲು ಕಾಲೊನಿಯಲ್ಲೇ, ರಾತ್ರಿ ಊಟವಾದ ಮೇಲೆ, ಅವರು ಮನೆಯಲ್ಲಾಡುವ ತೆಲುಗಿನಲ್ಲೇ ಮಾಡಿದೆ. ‘ಹುಣಸೆ ಬೀಜದಲ್ಲಿ ಬಜೆಟ್ ಮಾಡುತ್ತೀರಾ ಮೇಡಂ?’ ಎಂದು ಪಂಚಾಯಿತಿಯಲ್ಲಿ ನಕ್ಕರು. ಮಂಡಕ್ಕಿ, ಚಹಾ ಸೇರಿಸಿ ಒಂದು ಕೇರಿಗೆ ಸಾವಿರ ರೂಪಾಯಿಯೂ ಆಗಲಿಲ್ಲ.

ರಸ್ತೆಯ ಮನೆಗೆ ಬಿದ್ದದ್ದು ಬೆರಳೆಣಿಕೆಯ ಬೀಜ. ಒಬ್ಬ ಹೆಂಗಸು ಆರು ಬೀಜ ನೀರಿಗಿಟ್ಟಳು, ಮೂರನ್ನು ಅತ್ತೆಯ ಪಿಂಚಣಿಗೆ, ಉಳಿದ ಒಂದನ್ನು ತುಂಬ ಹೊತ್ತು ಅಂಗೈಯಲ್ಲೇ ಹಿಡಿದಿದ್ದು ಮತ್ತೆ ನೀರಿಗೇ ಇಟ್ಟಳು. ನಮ್ಮಲ್ಲಿ ಶುದ್ಧ ನೀರಿನ ಘಟಕ ಇತ್ತು, ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರ್. ಕಾಗದದ ಪ್ರಕಾರ ಅಗತ್ಯ ಪೂರೈಕೆಯಾಗಿತ್ತು. ಆದರೆ ಬಾಗಿಲು ತೆರೆಯುತ್ತಿದ್ದುದು ಒಂಬತ್ತು ಗಂಟೆಗೆ. ಕೂಲಿಯವರು ಏಳೂವರೆಗೇ ಹೊರಟಿರುತ್ತಾರೆ. ಹಾಗಾಗಿ ಒಂದೋ ಕೂಲಿ ಬಿಡಬೇಕು, ಇಲ್ಲವೇ ನೀರಿಗೆ ಹೋದ ಮಗುವಿನ ಮೊದಲ ಪಾಠ ತಪ್ಪಬೇಕು, ಅದೂ ಇಲ್ಲವೆಂದರೆ ಕೊಳವೆಬಾವಿಯ ಫ್ಲೋರೈಡ್ ನೀರೇ ಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ದಾಟಿದ ಆ ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಸಾಂದ್ರತೆ ಇನ್ನೂ ಏರುತ್ತದೆ.

ಪಿಂಚಣಿಯ ಲೆಕ್ಕ ಇನ್ನೂ ಹೊಟ್ಟೆ ಉರಿಸುತ್ತದೆ. ಸಂಧ್ಯಾ ಸುರಕ್ಷೆಯ 1,200 ರೂಪಾಯಿ ತರಲು ಅಜ್ಜಿ ಮತ್ತು ಜೊತೆಗಾರ್ತಿಗೆ ಆಟೊ ನೂರಿಪ್ಪತ್ತು, ಜೊತೆಗಾರ್ತಿಯ ಕೂಲಿ ಸುಮಾರು ಮುನ್ನೂರೈವತ್ತು. ಮೂರನೇ ಒಂದು ಪಾಲಿಗಿಂತ ಹೆಚ್ಚು ದಾರಿಯಲ್ಲೇ ಕರಗಿತು. ‘ಸರ್ವರ್ ಇಲ್ಲ’ ಎಂದು ತಿರುಗಿ ಕಳಿಸಿದರೆ ಅದರ ದುಪ್ಪಟ್ಟು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸೇ ಬಾರದ ಊರಿಗೆ ಒದಗುವುದಿಲ್ಲ.

ಘಟಕವನ್ನು ಬೆಳಗ್ಗೆ ಐದೂವರೆಗೆ ಮತ್ತು ಸಂಜೆ ಆರಕ್ಕೆ ತೆರೆಸಿದೆವು. ನೀರಗಂಟಿಗೆ ತಿಂಗಳಿಗೆ ಎರಡು ಸಾವಿರ ಹೆಚ್ಚುವರಿ, ಅದೂ ಘಟಕದ ವಸೂಲಿಯಿಂದಲೇ. ಹೊತ್ತು ಬದಲಾದ ಮೇಲೆ ದಿನಕ್ಕೆ ಅರವತ್ತು ಎಪ್ಪತ್ತು ಕ್ಯಾನ್ ಇದ್ದದ್ದು ನೂರಮೂವತ್ತರ ಆಸುಪಾಸಿಗೆ ಬಂತು. ನಾಣ್ಯದ ಪೆಟ್ಟಿಗೆ ರಿಪೇರಿ ಮತ್ತು ನೀರು ಸೋಸುವ ಹೊಸ ಮೆಂಬ್ರೇನ್‌ಗೆ ಮೂವತ್ತು ಸಾವಿರ ಚಿಲ್ಲರೆ. ಅದನ್ನು 15ನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನದಲ್ಲಿ ಸೇರಿಸಿದೆವು. ಆಯೋಗದ ಒಟ್ಟು ಅನುದಾನದಲ್ಲಿ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾದ್ದರಿಂದ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಪಿಂಚಣಿ ಬರುವ ವಾರದಲ್ಲಿ ಬೆರಳಚ್ಚು ಪಡೆದು ಹಣ ಕೊಡುವ ಬ್ಯಾಂಕ್ ಮಿತ್ರರನ್ನು ಊರಿಗೇ ಕರೆಸಿದೆವು. ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಅರೆ ಒಣಗಿದಾಗ ಇಟ್ಟರೆ ಬಹಳಷ್ಟು ಸಲ ಓದುತ್ತದೆ.

ಈ ನಡುವೆ ಶುದ್ಧೀಕರಿಸಿದ ಮೇಲೆ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಸೊಪ್ಪು ಬೆಳೆಸಿ ನೋಡಿದೆ. ಉಪ್ಪಿಗೆ ಎಲೆ ಸುಟ್ಟಿತು. ಈಗ ಅದು ಪೈಪಿನಲ್ಲಿ ಶಾಲೆಯ ಶೌಚಾಲಯಕ್ಕೆ ಹೋಗುತ್ತದೆ. ಮಕ್ಕಳ ಗ್ರಾಮ ಸಭೆಯಲ್ಲೂ ಬೀಜ ಹಂಚಿದೆ. ಅವರು ಕತ್ತಲಾಗುವ ದಾರಿಗಳನ್ನು ಗುರುತಿಸಿದ ರೀತಿಗೆ ಬೀದಿ ದೀಪದ ಪಟ್ಟಿಯನ್ನೇ ಬದಲಿಸಬೇಕಾಯಿತು.

ಬೀಜ ಎಣಿಸುವ ಹೊತ್ತಿಗೆ ಗುತ್ತಿಗೆಯವರು ಮನಸ್ತಾಪವಿಲ್ಲದೆ ಎದ್ದು ಹೋಗುವಂತೆ ಮಾಡುವ ಉಪಾಯವೊಂದಿದೆ. ಅದನ್ನು ಬರೆಯುವುದಿಲ್ಲ, ಬರೆದರೆ ಮುಂದಿನ ಸಭೆಯಲ್ಲಿ ನಡೆಯುವುದಿಲ್ಲ. ನಕ್ಕಿದ್ದವರೇ ಈ ಸಲ ಹುಣಸೆ ಬೀಜ ಕೇಳಿ ಒಯ್ದಿದ್ದಾರೆ.

ಈಗ ಸೋಲಾರ್ ಪಾರ್ಕಿನ ಕಡೆಯ ಊರುಗಳಿಗೆ ಹೋಗುತ್ತಿದ್ದೇನೆ. ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು, ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದವರಿಗೆ ಏನೂ ಬರಲಿಲ್ಲ. ಅಲ್ಲಿ ‘ಕೂಲಿ ಯಾಕೆ ತಪ್ಪಿತು?’ ಎಂದರೆ ‘ಕೂಲಿಯೇ ಇಲ್ಲ’ ಎನ್ನುತ್ತಾರೆ. ಹಾಗಾಗಿ ಪ್ರಶ್ನೆಯನ್ನು ಬದಲಿಸಿಕೊಂಡಿದ್ದೇನೆ: ಈ ವರ್ಷ ಯಾವ ತಿಂಗಳು ಯಾರು ಊರು ಬಿಟ್ಟು ಹೋದರು, ಎಲ್ಲಿಗೆ? ಎರಡು ಕೇರಿಗಳದ್ದು ಮುಗಿದಿದೆ.